ಬೆಲುಂ: ಹೊಲದ ಕೆಳಗಿನ ಗವಿಗೆ ಎಷ್ಟೊಂದು ಹೆಸರು

ಬೆಲುಂ ಗುಹೆಯ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವ ಸಾಲು ‘ಭಾರತದ ಎರಡನೇ ಅತಿ ಉದ್ದದ ಗುಹೆ’. ಎರಡನೆಯದು, ‘1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಂಡುಹಿಡಿದರು’. ಎರಡನ್ನೂ ನಂಬಿಕೊಂಡು ಹೋದವರಿಗೆ ಗುಹೆ ಚೆಂದವೇ ಕಾಣುತ್ತದೆ, ನಷ್ಟವೇನಿಲ್ಲ. ಆದರೆ ಎರಡೂ ಸರಿಯಲ್ಲ. ಬೆಲುಂ ಗುಹೆಯ ಉದ್ದ 3,229 ಮೀಟರ್. ಮೇಘಾಲಯದ ಕ್ರೆಮ್ ಲಿಯಾತ್ ಪ್ರಾಹ್ 30 ಕಿ.ಮೀ. ದಾಟುತ್ತದೆ, ಕ್ರೆಮ್ ಪುರಿ 24 ಕಿ.ಮೀ. ದಾಟುತ್ತದೆ. ಅಲ್ಲಿ ಬೆಲುಂಗಿಂತ ಉದ್ದದ ಗುಹೆಗಳು ಇನ್ನೂ ಇವೆ. ಬಯಲು ಸೀಮೆಯ ಗುಹೆಗಳಲ್ಲಿ ಬೆಲುಂ ದೊಡ್ಡದು, ಟಿಕೆಟ್ ತೆಗೆದುಕೊಂಡು ಸಾಮಾನ್ಯರು ಚಪ್ಪಲಿ ಹಾಕಿಕೊಂಡೇ ನಡೆದು ನೋಡಬಹುದಾದ ದೊಡ್ಡ ಗುಹೆ ಎಂದರೆ ತಕರಾರಿಲ್ಲ. ಇನ್ನು ‘ಕಂಡುಹಿಡಿದರು’ ಎಂಬ ಮಾತು. ಊರಿನ ಹೊಲದ ನಡುವೆ ಬಾಯಿ ತೆರೆದು ಕೂತಿರುವ ಬಾವಿಯಂಥ ಗುಂಡಿಯನ್ನು ಊರವರು ನೋಡಿರಲಿಲ್ಲವೇ? ಹೆಸರೇ ಉತ್ತರ ಹೇಳುತ್ತದೆ. ಬಿಲ, ಬಿಲಂ, ಬೆಲುಂ. ಊರಿಗೆ ಹೆಸರು ಕೊಟ್ಟಿದ್ದೇ ಆ ಬಿಲ.

ನಾವು ನಾಲ್ವರು ಬಳ್ಳಾರಿಯಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಗುಂತಕಲ್ಲು, ಗುತ್ತಿ, ತಾಡಿಪತ್ರಿ, ಅಲ್ಲಿಂದ ಕೊಲಿಮಿಗುಂಡ್ಲ ಕಡೆಗೆ. ದಾರಿ ನೂರೈವತ್ತು ಕಿ.ಮೀ.ಗೆ ಹೆಚ್ಚು. ಆಂಧ್ರದ ಗಡಿ ದಾಟಿದ್ದು ಬೋರ್ಡಿನ ಲಿಪಿ ಬದಲಾದಾಗ ತಿಳಿಯಿತೇ ಹೊರತು ನೆಲ ನೋಡಿ ಅಲ್ಲ. ಅದೇ ಕರಿ ಮಣ್ಣು, ಅದೇ ಕಡಲೆ, ಹತ್ತಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಕಡೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಅದಕ್ಕೂ ಮೊದಲು ಬಳ್ಳಾರಿ, ಕರ್ನೂಲು ಎರಡೂ ಮದ್ರಾಸ್ ಪ್ರಾಂತ್ಯದ ಅಕ್ಕಪಕ್ಕದ ಜಿಲ್ಲೆಗಳು. ಇದನ್ನು ಹೇಳುವುದಕ್ಕೆ ಕಾರಣವಿದೆ. ಬೆಲುಂ ಕಥೆಯಲ್ಲಿ ಬರುವ ಸಾಹೇಬರು ನಮ್ಮ ಬಳ್ಳಾರಿಯ ಗುಡ್ಡಗಳನ್ನೂ ತಡಕಾಡಿದವರೇ. ಅವರಿಗೆ ಇದು ಒಂದೇ ಸೀಮೆ.

ತಾಡಿಪತ್ರಿಯಲ್ಲಿ ಇಡ್ಲಿ ತಿಂದೆವು. (ನಮ್ಮ ಕಡೆ ತಾಡಪತ್ರಿ ಅಂದರೆ ಮಳೆಗಾಲದಲ್ಲಿ ಲಾರಿಗೆ ಹೊದಿಸುವ ಹೊದಿಕೆ. ಊರಿನ ಹೆಸರಿಟ್ಟುಕೊಂಡು ಒಬ್ಬ ಗೆಳೆಯ ದಾರಿಯುದ್ದ ಜೋಕು ಮಾಡಿದ.) ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಕಲ್ಲು ಚಪ್ಪಡಿಗಳ ಸಾಲು. ನೀಲಿ ಮಿಶ್ರಿತ ಬೂದು, ಕಪ್ಪು. ಕೊಯ್ಯುವ ಯಂತ್ರಗಳ ಸದ್ದು, ಬಿಳಿ ಕೆಸರು, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಈ ಕಲ್ಲನ್ನು ನಾವು ಊರಲ್ಲಿ ದಿನಾ ನೋಡುತ್ತೇವೆ. ಕಡಪ ಕಲ್ಲು ಎಂದು ಅಡುಗೆಮನೆ ಕಟ್ಟೆಗೆ, ಕಪಾಟಿಗೆ, ಹೊಲದ ಮನೆಯ ನೆಲಕ್ಕೆ ಹಾಕುತ್ತೇವಲ್ಲ, ಆ ಸುಣ್ಣಕಲ್ಲಿನ ಕುಲವೇ. ಬೆಲುಂ ಗುಹೆ ಆಗಿರುವುದೂ ಇಂಥ ಸುಣ್ಣಕಲ್ಲಿನಲ್ಲಿ.

ಗುಹೆ ಎಂದರೆ ಬೆಟ್ಟದ ಹೊಟ್ಟೆಯಲ್ಲಿರಬೇಕು ಎಂದುಕೊಂಡು ಹೋದವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಚಪ್ಪಟೆ ಹೊಲ. ನೆಲದಲ್ಲಿ ಬಾವಿಯಂಥ ಮೂರು ಗುಂಡಿ. ನಡುವಿನ ದೊಡ್ಡದೇ ಬಾಗಿಲು. ಮೆಟ್ಟಿಲಿಳಿದು ಸುಮಾರು 20 ಮೀಟರ್ ಕೆಳಗೆ ಹೋದ ಮೇಲೆ ಗುಹೆ ಅಡ್ಡಕ್ಕೆ ತಿರುಗುತ್ತದೆ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಕಲ್ಲಿನ ಬಿರುಕಿಗೆ ಇಳಿದು ಸುಣ್ಣವನ್ನು ಕರಗಿಸುತ್ತ ಹೋಗುತ್ತದೆ. ಕೂದಲೆಳೆಯ ಬಿರುಕು ಲಕ್ಷಾಂತರ ವರ್ಷಗಳಲ್ಲಿ ಓಣಿಯಾಗುತ್ತದೆ, ಓಣಿ ಅಂಗಳವಾಗುತ್ತದೆ. ಚಾವಣಿ ತೆಳುವಾಗಿ ಕುಸಿದ ಕಡೆ ಮೇಲೆ ಹೊಲದಲ್ಲಿ ಗುಂಡಿ ಬೀಳುತ್ತದೆ. ನಾವು ಇಳಿದ ಬಾಗಿಲು ಅಂಥ ಒಂದು ಕುಸಿತ. ಕರಗಿದ ಸುಣ್ಣ ಮತ್ತೆ ಹನಿಹನಿಯಾಗಿ ಚಾವಣಿಯಿಂದ ತೊಟ್ಟಿಕ್ಕುವಾಗ ಬಿಟ್ಟುಹೋದದ್ದೇ ಮೇಲಿನಿಂದ ಇಳಿಬಿದ್ದ ಕೊಂಬುಗಳು, ಕೆಳಗಿನಿಂದ ಎದ್ದ ಮೊಳಕೆಗಳು. ಅವೆರಡೂ ಕೂಡಿದರೆ ಕಂಬ.

ಒಳಗೆ ತಂಪಿರುತ್ತದೆ ಎಂದುಕೊಂಡಿದ್ದೆವು. ಸೆಕೆ ಎಂದರೆ ಸೆಕೆ. ಗಾಳಿ ಕೊಡಲು ಮೇಲಿನಿಂದ ಕೊಳವೆ ಇಳಿಸಿದ್ದಾರೆ. ಅದರ ಕೆಳಗೆ ಬಂದ ಕೂಡಲೇ ಎಲ್ಲರೂ ನಿಲ್ಲುತ್ತಾರೆ, ಅಲ್ಲಿಂದ ಕದಲುವುದಿಲ್ಲ. ಹಳದಿ ದೀಪ, ಕೆಲವು ಕಡೆ ಸೊಂಟ ಬಗ್ಗಿಸಬೇಕು, ಕೆಲವು ಕಡೆ ಮದುವೆ ಮಂಟಪ ಹಾಕುವಷ್ಟು ಜಾಗ. ನಮ್ಮ ಜೊತೆ ಬಂದ ಗೈಡ್ ತೆಲುಗಿನಲ್ಲಿ ಶುರು ಮಾಡಿ, ನಾವು ಬಳ್ಳಾರಿಯವರು ಎಂದು ಗೊತ್ತಾದ ಮೇಲೆ ಕನ್ನಡಕ್ಕೆ ತಿರುಗಿದ. “ತಲೆ ಹುಷಾರು ಅಣ್ಣಾ, ಕಲ್ಲು ಮೊದಲು ಬಡಿತದೆ, ಆಮೇಲೆ ಕಾಣ್ತದೆ.”

ಅವನು ಹೇಳುತ್ತ ಹೋದ ಹೆಸರುಗಳನ್ನು ನಾವು ಬರೆದುಕೊಂಡೆವು. ಸಿಂಹದ್ವಾರ: ಸಿಂಹದ ತಲೆಯ ಹಾಗೆ ಕಾಣುವ ಕಲ್ಲಿನ ಕಮಾನು. ಕೋಟಿಲಿಂಗಗಳು: ಸಾವಿರಾರು ಪುಟ್ಟ ಕೊಂಬುಗಳು ಒಟ್ಟಿಗಿರುವ ಜಾಗ. ಊಡಲ ಮರ್ರಿ: ತೆಲುಗಿನಲ್ಲಿ ಬಿಳಲುಗಳ ಆಲದ ಮರ. ನಿಜಕ್ಕೂ ಆಲದ ಕೆಳಗೆ ನಿಂತು ಮೇಲೆ ನೋಡಿದ ಹಾಗೇ ಇದೆ. ಸಾವಿರ ಹೆಡೆ: ಹೆಡೆ ಎತ್ತಿದ ಹಾವುಗಳಂಥ ಚಾವಣಿ. ಸಪ್ತಸ್ವರ ಗುಹೆ: ಕೊಂಬುಗಳನ್ನು ಮರದ ಕೋಲಿನಿಂದಲೋ ಬೆರಳ ಗಿಣ್ಣಿನಿಂದಲೋ ತಟ್ಟಿದರೆ ಲೋಹದ ಸದ್ದು. ತಟ್ಟಬಾರದು ಎನ್ನುವುದು ನಮ್ಮ ಅಭಿಪ್ರಾಯ. ನೂರಾರು ವರ್ಷ ತೊಟ್ಟಿಕ್ಕಿ ಆದದ್ದನ್ನು ದಿನಕ್ಕೆ ನೂರಾರು ಜನ ತಟ್ಟಿದರೆ ಎಷ್ಟು ದಿನ ಉಳಿದೀತು? ಧ್ಯಾನ ಮಂದಿರದಲ್ಲಿ ದಿಂಬು ಇಟ್ಟ ಹಾಸಿಗೆಯ ಹಾಗೆ ಒಂದು ಕಲ್ಲು ಇದೆ, ಅಲ್ಲಿ ಋಷಿಗಳು ಮಲಗುತ್ತಿದ್ದರು ಎಂದು ಊರ ಕಥೆ. ಬೌದ್ಧ, ಜೈನ ಸನ್ಯಾಸಿಗಳು ಇಲ್ಲಿ ಇದ್ದರು ಎಂಬುದನ್ನು ಪ್ರವಾಸೋದ್ಯಮದವರೂ ಹೇಳುತ್ತಾರೆ. ಹೊರಗೆ ದೊಡ್ಡ ಬುದ್ಧನ ವಿಗ್ರಹ ಕೂರಿಸಿರುವುದು ಅದಕ್ಕೇ.

ಈ ಎಲ್ಲದರ ನಡುವೆ ಒಂದು ಹೆಸರು ಮಾತ್ರ ಬೇರೆ ಊರಿನದು. ಗೆಬಾವರ್ ಹಾಲ್. ಲಿಂಗ, ಹೆಡೆ, ಆಲದ ಮರ, ಋಷಿಯ ಹಾಸಿಗೆ, ಅದರ ಮಧ್ಯೆ ಒಬ್ಬ ಜರ್ಮನ್ ಮನುಷ್ಯನ ಅಡ್ಡಹೆಸರು. “ಯಾರಿವರು?” ಎಂದು ಕೇಳಿದೆವು. “ಫಾರಿನ್ ಸಾರು, ಗುಹೆ ಅಳತೆ ಮಾಡಿದವರು” ಅಂದ ಗೈಡ್. ಇಷ್ಟೇ ಮಾತಿನಲ್ಲಿ ಅವನು ಇಡೀ ಇತಿಹಾಸವನ್ನು ಸರಿಯಾಗಿ ಹೇಳಿಬಿಟ್ಟಿದ್ದ. ಕಂಡುಹಿಡಿದವರು ಅನ್ನಲಿಲ್ಲ, ಅಳತೆ ಮಾಡಿದವರು ಅಂದ.

ಅಲ್ಲಿಗೆ ಬರುವ ಮೊದಲು ಸಾಹೇಬರ ಕಥೆ ಹೇಳಬೇಕು.

ಕರ್ನೂಲು ಸೀಮೆಯ ಗವಿಗಳ ಬಗ್ಗೆ ಇಂಗ್ಲಿಷಿನಲ್ಲಿ ಮೊದಲು ಬರೆದವರಲ್ಲಿ ಒಬ್ಬರು ಮದ್ರಾಸ್ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್. 1844ರಲ್ಲಿ ಬೇತಂಚೆರ್ಲ ಬಳಿಯ ಬಿಲ್ಲಸುರ್ಗಂ ಗವಿಗಳಲ್ಲಿ ಪ್ರಾಣಿಗಳ ಮೂಳೆ ಇರುವುದನ್ನು ಅವರು ದಾಖಲಿಸಿದರು. ಇದೇ ನ್ಯೂಬೋಲ್ಡ್ ಅದರ ಹಿಂದಿನ ವರ್ಷ ಬಳ್ಳಾರಿ ಕಡೆಯ ಬೂದಿದಿಬ್ಬಗಳ ಬಗ್ಗೆ ಬರೆದಿದ್ದರು. ನಮ್ಮವರು ಅವುಗಳನ್ನು ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಈಗಲೂ ವಾಲಿಯನ್ನು ಸುಟ್ಟ ಜಾಗ ಎಂದೇ ತೋರಿಸುತ್ತಾರೆ. ಅವು ಹೊಸಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ರಾಶಿಗಳು ಎಂಬ ತೀರ್ಮಾನಕ್ಕೆ ಬರಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ನ್ಯೂಬೋಲ್ಡ್ ಬಿಟ್ಟ ಎಳೆಯನ್ನು ಹಿಡಿದವರು ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದವರು. 1863ರ ಮೇ 30ರಂದು ಮದ್ರಾಸಿನ ಪಲ್ಲಾವರಂನಲ್ಲಿ ಕಲ್ಲಿನ ಕೈಗೊಡಲಿ ಎತ್ತಿಕೊಂಡ ಆ ಒಂದು ದಿನದಿಂದ ಭಾರತದ ಹಳೆಶಿಲಾಯುಗದ ಅಧ್ಯಯನ ಶುರುವಾಯಿತು. ಬಳ್ಳಾರಿಗೂ ಅವರು ಬೇಕಾದವರೇ. ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳ ಕಲ್ಲುಕೊಡಲಿ ಕಾರ್ಯಾಗಾರದ ಬಗ್ಗೆ ಬರೆದರು, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾದಾಗ ಅದನ್ನು ಕಟ್ಟಿಕೊಟ್ಟವರೂ ಅವರೇ.

ಫೂಟ್ ಕರ್ನೂಲಿಗೆ ಬಂದದ್ದು ಗುಹೆ ನೋಡುವ ಆಸೆಯಿಂದಲ್ಲ. ಯುರೋಪಿನ ಗುಹೆಗಳಲ್ಲಿ ಆದಿಮಾನವನ ಮೂಳೆ, ಹತ್ಯಾರು ಸಿಕ್ಕು ದೊಡ್ಡ ಗದ್ದಲವಾಗಿದ್ದ ಕಾಲ ಅದು. ಭಾರತದಲ್ಲೂ ಹಾಗೆ ಸಿಗಬೇಕಲ್ಲ ಎಂದು ಲಂಡನ್ನಿನಲ್ಲಿ ಹಕ್ಸ್‌ಲೀ ಅವರಿಗೆ ಅನಿಸಿತು. ಡಾರ್ವಿನ್ನರ ಪರ ವಾದಿಸಿದ ಅದೇ ಹಕ್ಸ್‌ಲೀ. ಅವರು ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಹೇಳಿದರು, ಗವರ್ನರ್ ಕೆಳಗೆ ಹೇಳಿದರು, ಕೊನೆಗೆ 1884–85ರಲ್ಲಿ ಬಿಲ್ಲಸುರ್ಗಂನಲ್ಲಿ ಗುದ್ದಲಿ ಬಿತ್ತು. ಹೆಚ್ಚಿನ ಅಗೆತ ನಡೆಸಿದ್ದು ಫೂಟರ ಮಗ, ಸೈನ್ಯದಲ್ಲಿದ್ದ ಲೆಫ್ಟಿನೆಂಟ್ ಹೆನ್ರಿ ಫೂಟ್. ರಾಶಿ ಮೂಳೆ ಸಿಕ್ಕವು. ಅವನ್ನು ಪರೀಕ್ಷಿಸಿದ ಲಿಡೆಕ್ಕರ್ ಈಗ ಈ ಸೀಮೆಯಲ್ಲಿ ಕನಸಲ್ಲೂ ಕಾಣದ ಪ್ರಾಣಿಗಳನ್ನು ಗುರುತಿಸಿದರು. ಒಂದು ಘೇಂಡಾಮೃಗಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ಕಡಲೆ ಹೊಲದ ಬಿಸಿಲಲ್ಲಿ ನಿಂತು ಇಲ್ಲಿ ಘೇಂಡಾಮೃಗ ಓಡಾಡುತ್ತಿತ್ತು ಎಂದು ಯೋಚಿಸಲು ನಮಗಂತೂ ಸ್ವಲ್ಪ ಕಷ್ಟವಾಯಿತು.

ಫೂಟರ ಕಾಲದಲ್ಲಿ ಬಿಲ್ಲಸುರ್ಗಂ ಗವಿಗಳಿಗೆ ಇಂಗ್ಲಿಷ್ ಹೆಸರು ಬಿದ್ದವು. ಒಂದು ಕೆಥೆಡ್ರಲ್, ಅಂದರೆ ದೊಡ್ಡ ಚರ್ಚು. ಒಂದು ಪರ್ಗೆಟರಿ, ಸತ್ತ ಮೇಲೆ ಪಾಪ ತೊಳೆಯುವ ಲೋಕ. ಇನ್ನೊಂದು ಚಾರ್ನೆಲ್ ಹೌಸ್, ಹೆಣದ ಮೂಳೆ ಇಡುವ ಮನೆ. ಬೆಲುಂನ ಕೋಟಿಲಿಂಗದ ಮುಂದೆ ನಿಂತಾಗ ನಮಗೆ ಇದು ನೆನಪಾಯಿತು. ಕತ್ತಲಲ್ಲಿ ಗುರುತಿಲ್ಲದ ಆಕಾರ ಕಂಡರೆ ಮನುಷ್ಯ ತನ್ನ ಮನೆಯಿಂದ ಹೆಸರು ತರುತ್ತಾನೆ. ಇಂಗ್ಲೆಂಡಿನವರಿಗೆ ಚರ್ಚು ಕಂಡಿತು, ರಾಯಲಸೀಮೆಯವರಿಗೆ ಲಿಂಗ ಕಂಡಿತು. ಕಲ್ಲು ಒಂದೇ.

ಅದೇ ಸುತ್ತಾಟದಲ್ಲಿ 1884ರಲ್ಲಿ ಫೂಟ್ ಬೆಲುಂ ಗುಹೆಯನ್ನೂ ತಮ್ಮ ವರದಿಯಲ್ಲಿ ನಮೂದಿಸಿದರು. ಬೆಲುಂ ಬಗ್ಗೆ ಲಿಖಿತ ದಾಖಲೆ ಎಂಬುದು ಅಲ್ಲಿಂದ ಶುರು. ‘ಕಂಡುಹಿಡಿದರು’ ಎಂಬ ಮಾತಿನ ಬೇರು ಇಷ್ಟೇ. ಬರೆದರು ಎನ್ನಬೇಕಾದ ಕಡೆ ಕಂಡುಹಿಡಿದರು ಎನ್ನುತ್ತೇವೆ. ಜಿಲ್ಲಾ ವರದಿಗಾರಿಕೆ ಮಾಡುವ ನಮಗೆ ಇದು ಹೊಸದಲ್ಲ. ಊರಿಗೆಲ್ಲ ಹತ್ತು ವರ್ಷದಿಂದ ಗೊತ್ತಿದ್ದ ಸಂಗತಿ ರಾಜ್ಯ ಆವೃತ್ತಿಯಲ್ಲಿ ಅಚ್ಚಾದ ದಿನ ‘ಬೆಳಕಿಗೆ ಬಂತು’ ಎಂದಾಗುತ್ತದೆ. ಬೆಳಕು ಯಾವ ಕಡೆಯಿಂದ ಬಿತ್ತು ಎಂದು ಯಾರೂ ಕೇಳುವುದಿಲ್ಲ.

ಇಲ್ಲಿ ಪದದ ಮಾತೊಂದಿದೆ. ತೆಲುಗಿನ ಬೋರ್ಡಿನಲ್ಲಿ ‘ಗುಹಲು’ ಎಂದಿದೆ. ಆದರೆ ಇದೇ ಕರ್ನೂಲು ಸೀಮೆಯ ಇನ್ನೊಂದು ತಾಣದ ಹೆಸರು ಮುಚ್ಚಟ್ಲ ಚಿಂತಮಾನು ಗವಿ. ಚಿಂತಮಾನು ಎಂದರೆ ಹುಣಸೆಮರ. ಗವಿ ಎಂದರೆ ನಮ್ಮದೇ ಗವಿ, ಕೊಪ್ಪಳದ ಗವಿಮಠದ ಗವಿ, ಬೆಂಗಳೂರಿನ ಗವಿ ಗಂಗಾಧರೇಶ್ವರನ ಗವಿ. ಗುಹೆ ಎಂಬುದು ಪುಸ್ತಕದ ಮಾತು, ಗವಿ ಊರ ಮಾತು, ಗಡಿಯ ಎರಡೂ ಕಡೆ. ಹುಣಸೆಮರದ ಗುರುತಿನಿಂದ ಗವಿಗೆ ಹೆಸರಿಟ್ಟವರು ದನ ಕಾಯುವವರೋ ಸೌದೆ ತರುವವರೋ ಇರಬೇಕು. 1970ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಲ್.ಕೆ. ಮೂರ್ತಿ ಅಲ್ಲಿ ಅಗೆದಾಗ ಕಲ್ಲಿನ, ಮೂಳೆಯ ಹತ್ಯಾರುಗಳ ಜೊತೆ ಸುಟ್ಟ ಮಣ್ಣಿನ ಒಲೆಯ ಗುರುತು ಸಿಕ್ಕಿತು. ಅದರ ಕಾಲ ಇಂದಿಗೆ ಸುಮಾರು 17,000 ವರ್ಷ ಹಿಂದಿನದು. ಹಕ್ಸ್‌ಲೀ ಕೇಳಿದ್ದ ಪ್ರಶ್ನೆಗೆ ಗಟ್ಟಿ ಉತ್ತರ ಹೀಗೆ ಹುಣಸೆಮರದ ಗವಿಯಲ್ಲಿ, ತೊಂಬತ್ತು ವರ್ಷ ತಡವಾಗಿ ಬಂತು. ಬೆಂಕಿ ಹಾಕಿಕೊಂಡು ಕೂತಿದ್ದ ಆ ಮಂದಿಯೇ ಈ ಗವಿಗಳನ್ನು ಕಂಡುಹಿಡಿದವರು ಅನ್ನಬೇಕು. ಅವರು ಬರೆಯಲಿಲ್ಲ, ಅಷ್ಟೇ.

ಇನ್ನು ಬೆಲುಂಗೆ ಏನಾಯಿತು? ಫೂಟ್ ಬರೆದು ಹೋದ ಮೇಲೆ ಸುಮಾರು ನೂರು ವರ್ಷ ಏನೂ ಆಗಲಿಲ್ಲ. ಆಗಲಿಲ್ಲ ಎಂದರೆ ಕಾಗದದಲ್ಲಿ ಆಗಲಿಲ್ಲ. ನೆಲದ ಮೇಲೆ ಆದದ್ದು ಇಷ್ಟು: ಗುಂಡಿ ಇದ್ದ ಕಡೆ ಕಸ ಬೀಳುತ್ತದೆ. 1980ರ ದಶಕದ ಕೊನೆಯವರೆಗೂ ಸುತ್ತಲಿನ ಕಸ ತಂದು ಸುರಿಯುವ ಜಾಗ ಈ ಬಿಲವೇ ಆಗಿತ್ತು. ಕೇಳಿದರೆ ಈಗ ಎಲ್ಲರಿಗೂ ನಾಚಿಕೆ. ನಮಗೆ ನಾಚಿಕೆಪಡುವಂಥದ್ದೇನೂ ಕಾಣಲಿಲ್ಲ. ನಮ್ಮ ಊರುಗಳಲ್ಲಿ ಬತ್ತಿದ ಬಾವಿಗಳಿಗೆ ಏನಾಗಿದೆ? ಹಂಪಿಯ ಸುತ್ತಲಿನ ಎಷ್ಟು ಹಳೆ ಹೊಂಡಗಳಲ್ಲಿ ಪ್ಲಾಸ್ಟಿಕ್ ತುಂಬಿಲ್ಲ? ನೂರು ವರ್ಷ ಸರ್ಕಾರವೇ ಗುಂಡಿ ಎಂದು ಬಿಟ್ಟದ್ದನ್ನು ಹೊಲದವನು ಗುಂಡಿ ಎಂದೇ ನೋಡಿದ.

1982–83ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ಮುಂದಾಳುತನದ ಜರ್ಮನ್ ಗುಹಾಶೋಧಕರ ತಂಡ ಬಂತು. ಗುಹಾಶೋಧ ಎಂದರೆ ನಾವು ಅಂದುಕೊಂಡಷ್ಟು ರೋಮಾಂಚಕ ಕೆಲಸವಲ್ಲ. ಹೆಚ್ಚು ಕಮ್ಮಿ ಸರ್ವೇ ಇಲಾಖೆಯವರ ಕೆಲಸ. ಒಬ್ಬ ಟೇಪಿನ ಒಂದು ತುದಿ ಹಿಡಿದು ನಿಲ್ಲಬೇಕು, ಇನ್ನೊಬ್ಬ ಮುಂದಿನ ತಿರುವಿಗೆ ತೆವಳಬೇಕು. ದಿಕ್ಸೂಚಿಯಲ್ಲಿ ದಿಕ್ಕು, ಇಳಿಜಾರಿನ ಕೋನ, ಎಡಬಲದ ಅಗಲ, ಎತ್ತರ, ಎಲ್ಲ ಬರೆದುಕೊಂಡು ಮತ್ತೆ ಮುಂದಿನ ತಿರುವು. ಹೀಗೆ ಕೆಸರಿನಲ್ಲಿ ಹೊಟ್ಟೆ ಮೇಲೆ ತೆವಳಿ ಮೂರು ಕಿ.ಮೀ. ಅಳೆದರು. 3,229 ಮೀಟರ್ ಎಂದು ಮೀಟರಿನವರೆಗೂ ಹೇಳಲು ಸಾಧ್ಯವಾಗುವುದು ಇಂಥ ಅಳತೆಯಿಂದ. ಅಲ್ಲಿಯವರೆಗೆ ಬೆಲುಂ ಒಂದು ಬಿಲ. ನಕ್ಷೆ ಬಂದ ಮೇಲೆ ಅದಕ್ಕೆ ಉದ್ದ, ಆಳ, ಕೋಣೆಗಳು ಬಂದವು. ದಾಖಲೆಯುಳ್ಳ ಆಸ್ತಿಯಾಯಿತು ಅನ್ನಿ.

ಆಮೇಲಿನದು ಬೇಗ ಹೇಳಬಹುದು. 1985ರಲ್ಲಿ ಆಂಧ್ರ ಸರ್ಕಾರ ಗುಹೆಯನ್ನು ಸಂರಕ್ಷಿತ ಎಂದು ಸಾರಿತು. ಊರವರು ಕೈ ಜೋಡಿಸಿದರು, ಕಸ ಸುರಿಯುವುದು ನಿಂತಿತು. 1999ರಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ವಹಿಸಿಕೊಂಡು ದಾರಿ, ದೀಪ, ಗಾಳಿ ಕೊಳವೆ ಹಾಕಿಸಿತು. 2002ರ ಫೆಬ್ರುವರಿಯಲ್ಲಿ ಜನರಿಗೆ ತೆರೆಯಿತು. 2022ರಲ್ಲಿ ಕರ್ನೂಲು ಜಿಲ್ಲೆ ಒಡೆದು ನಂದ್ಯಾಲ ಜಿಲ್ಲೆಯಾದಾಗ ಬೆಲುಂ ಅದಕ್ಕೆ ಸೇರಿತು. ಹಳೆ ಬೋರ್ಡುಗಳಲ್ಲಿ ಇನ್ನೂ ಕರ್ನೂಲೇ ಇದೆ.

ನಮ್ಮನ್ನು ಹೆಚ್ಚು ಕಾಡಿದ್ದು ವಾಪಸು ಬರುವಾಗ ಕಂಡ ಚಪ್ಪಡಿ ಲಾರಿಗಳು. ಬೆಲುಂ ಉಳಿದದ್ದು ಅದು ದೊಡ್ಡದು ಎಂಬುದಕ್ಕೆ ಮಾತ್ರವಲ್ಲ. ಅದರ ಹೆಸರು ಒಂದು ವರದಿಯಲ್ಲಿತ್ತು, ಆಮೇಲೆ ಒಂದು ನಕ್ಷೆಯಲ್ಲಿತ್ತು. ಸುಣ್ಣಕಲ್ಲು ಇರುವಲ್ಲೆಲ್ಲ ನೀರು ಬಿಲ ಕೊರೆಯುತ್ತದೆ. ಕಲ್ಲು ತೆಗೆಯುವ ಕ್ವಾರಿಯಲ್ಲಿ ಜೆಸಿಬಿ ಹಲ್ಲಿಗೆ ಒಂದು ಟೊಳ್ಳು ಸಿಕ್ಕರೆ ಏನಾಗುತ್ತದೆ? ಕ್ವಾರಿಯವನಿಗೆ ಅದು ನಷ್ಟದ ಜಾಗ, ಚಪ್ಪಡಿ ಬರದ ಜಾಗ. ಮಣ್ಣು ತುಂಬಿ ಮುಂದೆ ಹೋಗುತ್ತಾನೆ. ಅದರೊಳಗೆ ಒಲೆಯ ಗುರುತು ಇತ್ತೋ, ಘೇಂಡಾಮೃಗದ ಹಲ್ಲಿತ್ತೋ ಯಾರಿಗೆ ಬೇಕು. ಹಾಗೆಂದು ಕ್ವಾರಿ ಬೇಡ ಎನ್ನಲು ನಮಗೆ ಬಾಯಿಲ್ಲ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಎಷ್ಟೋ ಮನೆಗಳ ಅನ್ನ ಆ ಚಪ್ಪಡಿಯಿಂದಲೇ. ನಮ್ಮ ಅಡುಗೆಮನೆ ಕಟ್ಟೆಯೂ ಅದೇ ಕಲ್ಲಿನದು. ಆದರೆ ಗುತ್ತಿಗೆ ಕೊಡುವ ಮೊದಲು ಒಂದು ಸಲ ದನಗಾಹಿಗಳನ್ನು ಕೇಳಿ ಗವಿಗಳ ಪಟ್ಟಿ ಮಾಡಿಕೊಳ್ಳುವುದು ಅಂಥ ಖರ್ಚಿನ ಕೆಲಸವೇನಲ್ಲ. ಕೇಳಿದರೆ ಹೇಳುತ್ತಾರೆ. ಹುಣಸೆಮರದ ಗುರುತಿನ ಸಮೇತ.

ಗುಹೆಯಲ್ಲಿ ಜನ ನಡೆಯಬಹುದಾದದ್ದು ಸುಮಾರು ಒಂದೂವರೆ ಕಿ.ಮೀ. ಉಳಿದರ್ಧ ಕತ್ತಲು. ದಾರಿಯ ಅತಿ ಆಳದ ತುದಿ ಪಾತಾಳಗಂಗೆ, ಬಾಗಿಲಿನಿಂದ 46 ಮೀಟರ್ ಕೆಳಗೆ. ಕಬ್ಬಿಣದ ಮೆಟ್ಟಿಲಿಳಿದು ನಿಂತರೆ ಎಲ್ಲಿಂದಲೋ ಬಂದ ಸಣ್ಣ ನೀರಿನ ಹರಿವು ಕಲ್ಲಿನೊಳಗೆ ಇಳಿದು ಮಾಯವಾಗುತ್ತದೆ. ವರ್ಷವಿಡೀ ಹರಿಯುತ್ತದಂತೆ. ಎರಡು ಕಿ.ಮೀ. ದೂರದ ಬೆಲುಂ ಊರಿನ ಬಾವಿಗೆ ಹೋಗುವ ನೀರು ಇದೇ ಎಂದು ಊರವರ ನಂಬಿಕೆ. ಸುಣ್ಣಕಲ್ಲಿನ ಸೀಮೆಯಲ್ಲಿ ಇಂಥದ್ದನ್ನು ಪರೀಕ್ಷಿಸುವ ಕ್ರಮ ಸರಳ. ಇಲ್ಲಿ ನೀರಿಗೆ ನಿರಪಾಯಕಾರಿ ಬಣ್ಣ ಬಿಟ್ಟು ಅಲ್ಲಿ ಬಾವಿಯ ಹತ್ತಿರ ಕಾಯುವುದು. ಗೈಡಿಗೆ ಇದನ್ನು ಹೇಳಿದೆವು. “ಬಣ್ಣ ಯಾಕಣ್ಣಾ,” ಅಂದ, “ಮೊದಲು ಇಲ್ಲಿ ಕಸ ಹಾಕ್ತಿದ್ರಲ್ಲ. ಆ ಬಾವಿ ನೀರು ಕುಡಿದೋರನ್ನ ಕೇಳಿ.”